ಸೇಬಿಗೆ ಗುರಿಯಿಡುವ ಮುನ್ನ

ನಮ್ಮ ಕಡೆ ಮದುವೆ ಎಂದರೆ ಮೊದಲು ಸೇಬು, ಆಮೇಲೆ ಹುಡುಗಿ. ಹೆಣ್ಣಿನ ಮನೆಯವರು ಅಂಗಳದಲ್ಲಿ ಎತ್ತರದ ಕಂಬ ನೆಟ್ಟು ತುದಿಗೆ ಒಂದು ಸೇಬು ಕಟ್ಟುತ್ತಾರೆ. ಗಂಡಿನ ಕಡೆಯವರು ಅದನ್ನು ಗುಂಡು ಹೊಡೆದು ಕೆಡವಿದ ಮೇಲೆಯೇ ಬಾಗಿಲು ತೆರೆಯುವುದು. ಅಲ್ಲಿಯವರೆಗೆ ಬೇಲಿಯಾಚೆ ನಿಂತು ಬೀಗರ ಕೀಟಲೆ ಕೇಳಿಸಿಕೊಳ್ಳಬೇಕು.

ನಮ್ಮ ಮಗ ಸ್ರೆತೆನ್‌ನ ಮದುವೆ ಗೊತ್ತಾದಾಗ ನನ್ನ ಗಂಡ ತಿಹೊಮಿರ್‌ನ ಹತ್ತಿರ ಬಂದೂಕೇ ಇರಲಿಲ್ಲ. ಎರವಲು ತರುವುದು ಅವನಿಗೆ ಇಷ್ಟವಿಲ್ಲ. ಅವನೂ ಅವನ ಅಣ್ಣ ಮಿಲೋಸಾವ್ ಭಾವನೂ ಸೇರಿ ತರಬೇತಿಗೆ ಹೋದರು, ವೈದ್ಯರ ಪತ್ರ ತಂದರು, ಪೊಲೀಸರ ಅನುಮತಿ ಪಡೆದರು. ಆಮೇಲೆ ಪೇಟೆಗೆ ಹೋಗಿ, ಸೈನ್ಯದವರು ಹಳತೆಂದು ಮಾರಿದ ರೈಫಲುಗಳಲ್ಲಿ ಒಂದೇ ತರಹದ ಎರಡನ್ನು ಆರಿಸಿ, ಅವುಗಳ ನಂಬರನ್ನು ಅನುಮತಿ ಪತ್ರದಲ್ಲಿ ಬರೆಸಿ ತಂದರು. ಇಲ್ಲಿಯವರೆಗೆ ಎಲ್ಲವೂ ಕ್ರಮವಾಗಿಯೇ ಇತ್ತು.

ರೈಫಲುಗಳು ಕಂದು ಗ್ರೀಸಿನಲ್ಲಿ ಮುಳುಗಿದ್ದವು. ಗೋದಾಮಿನಲ್ಲಿ ತುಕ್ಕು ಹಿಡಿಯದಿರಲೆಂದು ಎಷ್ಟೋ ವರ್ಷದ ಹಿಂದೆ ಬಳಿದದ್ದು. ಅಣ್ಣತಮ್ಮಂದಿರು ಹಿತ್ತಲಲ್ಲಿ ಬೆಂಕಿ ಹಾಕಿ, ತಾಮ್ರದ ಕೊಪ್ಪರಿಗೆಯಲ್ಲಿ ನೀರು ಕುದಿಸಿ, ಬಿಡಿಭಾಗಗಳನ್ನು ಅದರೊಳಗೆ ಹಾಕಿದರು. ನಾನು ಓಡಿ ಬಂದೆ.

"ಅದು ನಾನು ಪ್ಲಮ್ ಹಣ್ಣಿನ ಪಾಕ ಕಾಯಿಸೋ ಕೊಪ್ಪರಿಗೆ!"

"ಬಿಡು ವಿದಾ, ಈ ವರ್ಷದ ಪಾಕಕ್ಕೆ ಸ್ವಲ್ಪ ದೇಶಭಕ್ತಿ ರುಚಿ ಬರುತ್ತೆ," ಎಂದರು ಭಾವ.

ಸಂಜೆ ಭಾವ ತಮ್ಮ ರೈಫಲು ಹೊತ್ತು ಮನೆಗೆ ಹೋದರು. ನಮ್ಮದು ಬೀರುವಿಗೆ ಸೇರಿತು. ಅದರ ಬೋಲ್ಟ್ ಮಾತ್ರ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆಯಲ್ಲಿ ಒಣಗುತ್ತಿತ್ತು. ತೋಟಾವನ್ನು ಒಳಗೆ ತಳ್ಳಿ, ಹಿಂದಿನಿಂದ ಬಾಗಿಲಿನ ಅಗುಳಿಯಂತೆ ಭದ್ರಪಡಿಸುವ ಉಕ್ಕಿನ ತುಂಡು ಅದು.

ನಾನು ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಬ್ಬಿಯ ಮೇಲಿನ ನಂಬರು ಓದದೆ ಯಾರ ಕೈಗೂ ಏನೂ ಕೊಡುವುದಿಲ್ಲ. ಅದೇ ಅಭ್ಯಾಸದಿಂದ ಬೋಲ್ಟಿನ ಮೇಲೆ ಕೊರೆದಿದ್ದ ಅಂಕಿಗಳನ್ನೂ ಓದಿದೆ. ಆಮೇಲೆ ಅನುಮತಿ ಪತ್ರ ತೆಗೆದು ನೋಡಿದೆ.

"ತಿಹೊಮಿರ್, ಪತ್ರದಲ್ಲಿ ಕೊನೆಗೆ ನಾನೂರ ಹದಿನೇಳು ಅಂತಿದೆ. ನಳಿಗೆ ಮೇಲೂ ಅದೇ ಇದೆ. ಈ ಬೋಲ್ಟಿನ ಮೇಲೆ ಎಂಟುನೂರ ಅರವತ್ತೆರಡು ಯಾಕಿದೆ?"

"ಇದ್ರೆ ಇರ್ಲಿ. ಇದೇನು ನಿನ್ನ ಮಾತ್ರೆ ಡಬ್ಬಿನಾ? ಕೂರುತ್ತೆ, ತಿರುಗುತ್ತೆ, ಮುಚ್ಚುತ್ತೆ. ಇನ್ನೇನು ಬೇಕು?"

"ಬಲ್ಲವರಿಗೆ ತೋರಿಸಿದ್ಯಾ?"

"ಮೂರು ಯುದ್ಧ ಕಂಡಿರೋ ಬಂದೂಕನ್ನ ಇನ್ಯಾರಿಗೆ ತೋರಿಸ್ಲಿ?"

"ಶನಿವಾರ ಮದುವೇಲಿ ಇದಕ್ಕೆ ಕೆನ್ನೆ ಕೊಟ್ಟು ನಿಲ್ಲೋನು ನೀನಲ್ಲ. ಸ್ರೆತೆನ್."

ಮರುದಿನ ಗುರುವಾರ. ಬೆಳಗ್ಗೆ ಎದ್ದವಳೇ ಗ್ವೋಜ್ಡೆನ್ ಮಾಮನಿಗೆ ಫೋನ್ ಮಾಡಿದೆ. ಅವರು ನಲವತ್ತು ವರ್ಷ ಸೈನ್ಯದ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಕಿವಿ ಮಂದ, ಆದ್ದರಿಂದ ಎರಡು ಸಲ ಕೂಗಿ ಹೇಳಬೇಕಾಯಿತು. "ಎರಡು ರೈಫಲೂ ಒಂದೇ ಕಡೆ ಇಟ್ಟಿರಿ. ತೋಟಾ ಮುಟ್ಟಬೇಡಿ," ಎಂದರು.

ಹತ್ತು ಗಂಟೆಗೆ ಬಂದರು. ಭಾವನೂ ತಮ್ಮ ರೈಫಲು ತಂದಿದ್ದರು. ತಿಹೊಮಿರ್ ವಾಡಿಕೆಯಂತೆ ಪ್ಲಮ್ ಸಾರಾಯಿಯ ಸೀಸೆಯನ್ನೂ ಲೋಟಗಳನ್ನೂ ತಂದಿಟ್ಟ.

"ಮೊದಲು ಆ ಸೀಸೆ ಒಳಗಿಡು," ಎಂದರು ಮಾಮ.

"ಒಂದೇ ಗುಟುಕು ಮಾಮ. ಮದುವೆ ಮನೆ."

"ಏನಂದೆ? ಕೇಳಿಸಲ್ಲ. ನಲವತ್ತು ವರ್ಷ ಕಿವಿ ಮುಚ್ಚಿಕೊಳ್ಳದೆ ಗುಂಡು ಹಾರಿಸಿದ್ದಕ್ಕೆ ಸಿಕ್ಕ ಪಿಂಚಣಿ ಈ ಕಿವಿ. ಅದೇನಿದ್ರೂ ಸೀಸೆ ಒಳಗಿಡು. ಸಾರಾಯಿ, ಬಂದೂಕು ಎರಡೂ ಒಂದೇ ಮೇಜಿಗೆ ಬರಬಾರದು."

ಸೀಸೆ ಒಳಗೆ ಹೋಯಿತು. ಮಾಮ ನಮ್ಮ ರೈಫಲಿನ ನಳಿಗೆಯನ್ನು ಕಲ್ಲಿನ ಗೋಡೆಯ ಕಡೆ ತಿರುಗಿಸಿ, ಒಳಗೆ ತೋಟಾ ಇಲ್ಲವೆಂದು ಕಣ್ಣಿಂದ ನೋಡಿದರು, ಬೆರಳಿಂದ ಮುಟ್ಟಿಯೂ ನೋಡಿದರು. ಆಮೇಲೆ ಉದ್ದನೆಯ ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯೊಳಗೆ ತೂರಿಸಿದರು. ಆ ತುದಿಯಿಂದ ಬೆರಳುದ್ದದ ಗ್ರೀಸಿನ ಮುದ್ದೆ ಹೊರಗೆ ಬಿತ್ತು.

"ಕುದಿಸಿದ್ವಲ್ಲ!" ಎಂದರು ಭಾವ.

"ಹೊರಗೆ ಕುದಿಸಿದ್ದೀರಿ. ಒಳಗೆ ಇಣುಕಿ ನೋಡಿಲ್ಲ. ಗುಂಡು ಹೋಗೋ ದಾರಿಗೆ ಬಿರಡೆ ಹಾಕಿಟ್ಟಿದ್ರಿ. ನಳಿಗೆ ಸೀಳಿಹೋಗೋಕೆ ಅಷ್ಟು ಸಾಕು."

ಮತ್ತೆ ಮತ್ತೆ ಒರೆಸಿದರು. ಬಟ್ಟೆ ಬೆಳ್ಳಗೆ ಹೊರಬಂದ ಮೇಲೆ ಜೇಬಿನಿಂದ ತೋಟಾದ ಆಕಾರದ ಒಂದು ಉಕ್ಕಿನ ತುಂಡು ತೆಗೆದರು. ಅಳತೆ ನೋಡುವುದಕ್ಕೆಂದೇ ಮಾಡಿದ್ದು. ಅದನ್ನು ನಮ್ಮ ರೈಫಲಿನೊಳಗೆ ಇಟ್ಟು, ಎರಡೇ ಬೆರಳಿನಲ್ಲಿ ಬೋಲ್ಟನ್ನು ಮೆಲ್ಲಗೆ ತಳ್ಳಿ ತಿರುಗಿಸಿದರು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಮುಚ್ಚಿಕೊಂಡಿತು.

"ನೋಡಿದ್ರಾ ಮಾಮ, ಎಷ್ಟು ಸಲೀಸು!" ತಿಹೊಮಿರ್‌ನ ಮುಖ ಅರಳಿತು.

"ಮುಚ್ಚಬಾರದಿತ್ತು," ಎಂದರು ಮಾಮ.

ತುಂಡನ್ನು ಹೊರತೆಗೆದು ನಮ್ಮೆಲ್ಲರಿಗೂ ಕಾಣುವಂತೆ ಹಿಡಿದರು.

"ಈ ತುಂಡು ತೋಟಾಕ್ಕಿಂತ ಕೂದಲಷ್ಟು ಉದ್ದ. ಬೋಲ್ಟ್ ಸರಿಯಾಗಿದ್ದರೆ ಅರ್ಧಕ್ಕೇ ನಿಂತು ಒಲ್ಲೆ ಅನ್ನಬೇಕು. ಇದು ಬಾ ಅಂತಿದೆ. ಅಂದ್ರೆ ತೋಟಾದ ಹಿಂದೆ ಸಡಿಲ ಇದೆ. ತಂಗೀ, ನಿಮ್ಮನೇಲಿ ಕುಕ್ಕರ್ ಇದೆಯಾ?"

"ಇದೆ ಮಾಮ."

"ಪಕ್ಕದ ಮನೆ ಕುಕ್ಕರಿನ ಮುಚ್ಚಳ ತಂದು ಹಾಕ್ತೀಯಾ?"

"ಕೂತ ಹಾಗೆ ಕಾಣುತ್ತೆ. ಆದ್ರೆ ಆವಿ ನಿಲ್ಲಲ್ಲ."

"ಅಷ್ಟೇ. ಇಲ್ಲಿ ಆವಿ ಎಲ್ಲಿಗೆ ನುಗ್ಗುತ್ತೆ ಗೊತ್ತಾ? ಹಿಂದಕ್ಕೆ. ಹೊಡೆಯೋನ ಕಣ್ಣಿಗೆ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸ್ರೆತೆನ್ ತನಗೇ ಗೊತ್ತಿಲ್ಲದೆ ಕೆನ್ನೆ ಮುಟ್ಟಿಕೊಂಡ. ತಿಹೊಮಿರ್ ಅದನ್ನು ನೋಡಿದ.

"ಅಂಗಡಿಯೋನು ಮೋಸ ಮಾಡಿದ್ನಾ?" ಎಂದ, ದನಿ ಇಳಿಸಿ.

ಮಾಮ ಭಾವನ ರೈಫಲನ್ನು ಎತ್ತಿಕೊಂಡು ಬೋಲ್ಟ್ ಹೊರತೆಗೆದರು. ಅದರ ಮೇಲೆ ನಾನೂರ ಹದಿನೇಳು ಎಂದಿತ್ತು. "ಎರಡನ್ನೂ ಎಲ್ಲಿ ತೊಳೆದ್ರಿ?"

ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದ. ನಾನು ಕಿಟಕಿಯಿಂದ ಹಿತ್ತಲ ಕಡೆ ಕೈ ತೋರಿಸಿದೆ. "ಒಂದೇ ಕೊಪ್ಪರಿಗೆಯಲ್ಲಿ ಮಾಮ. ನನ್ನ ಕೊಪ್ಪರಿಗೆಯಲ್ಲಿ."

ಬೋಲ್ಟುಗಳು ಅದಲುಬದಲಾದವು. ಈ ಸಲ ಎರಡೂ ಅರ್ಧಕ್ಕೇ ನಿಂತವು. ಮಾಮ ತಲೆಯಾಡಿಸಿದರು. "ಈಗ ಸರಿ. ನಂಬರು ಕೂಡಿದ್ದರೂ ಅಳತೆ ನೋಡಿಸದೆ ಹೊಡೆಯಬಾರದು. ಅಂದಹಾಗೆ ಇದು ಯಾವ ಯುದ್ಧವನ್ನೂ ಕಂಡಿಲ್ಲ ಕಣೋ ತಿಹೊಮಿರ್. ಸವೆತವೇ ಇಲ್ಲ. ಪೆಟ್ಟಿಗೆಯಲ್ಲಿ ಮಲಗೇ ಮುದಿಯಾಗಿದೆ."

"ನನ್ನ ತಮ್ಮನ ಹಾಗೆ," ಎಂದರು ಭಾವ.

ಎಲ್ಲರೂ ನಕ್ಕರು. ತಿಹೊಮಿರ್‌ಗೂ ಜೀವ ಬಂತು. "ಹಾಗಾದ್ರೆ ಶನಿವಾರ ಹೊಡೀಬಹುದು!"

"ಕಂಬದ ಹಿಂದೆ ಏನಿದೆ?" ಎಂದು ಕೇಳಿದರು ಮಾಮ.

"ಆಕಾಶ."

"ಆಕಾಶ ಮುಗಿದ ಮೇಲೆ?"

"ಗುಡ್ಡ."

"ಅದರಾಚೆ? ಇದು ಬೇಟೆಗಾರರ ಚರೆ ಬಂದೂಕಲ್ಲ. ಇದರ ಗುಂಡು ಮೂರು ನಾಲ್ಕು ಕಿಲೋಮೀಟರ್ ಹೋಗುತ್ತೆ. ಸೇಬು ಅದನ್ನ ತಡೆಯಲ್ಲ."

ತಿಹೊಮಿರ್ ಬೆರಳು ಮಡಚುತ್ತ ಒಂದೊಂದಾಗಿ ಹೇಳಿದ. "ಗುಡ್ಡದಾಚೆ ರಾಸ್ಪ್‌ಬೆರಿ ತೋಟಗಳು. ಈ ವಾರ ಕೊಯ್ಲು ನಡೀತಿದೆ. ಹೆಂಗಸರು ಇರ್ತಾರೆ. ಕೆಳಗೆ ಬಸ್ ನಿಲ್ಲೋ ಜಾಗ." ಆಮೇಲೆ ಅವನೇ ರೈಫಲನ್ನೂ ಬೋಲ್ಟನ್ನೂ ಎತ್ತಿಕೊಂಡು ಹೋಗಿ, ಬೇರೆ ಬೇರೆ ಕಡೆ ಇಟ್ಟು, ಎರಡು ಬೀಗ ಹಾಕಿ ಬಂದ.

"ಬೀಗರಿಗೆ ಏನಂತ ಹೇಳೋದು?" ಅದೊಂದೇ ಅವನ ಚಿಂತೆ.

"ಇದ್ದದ್ದನ್ನ ಹೇಳು," ಎಂದು ನಾನೇ ಫೋನ್ ಮಾಡಿ ಅವನ ಕೈಗೆ ಕೊಟ್ಟೆ.

ಹುಡುಗಿಯ ತಂದೆ ಪೆರಿಶಾ ಪೂರ್ತಿ ಕೇಳಿಸಿಕೊಂಡು ನಕ್ಕ ನಗು ಅಡುಗೆಮನೆಗೆಲ್ಲ ಕೇಳಿಸಿತು. "ಗುಂಡು ಬೇಡ ಅಂದ್ರೆ ಹೆಂಗೆ ಬೀಗರೇ? ಏಣಿ ತರ್ತೀರಾ? ಇಲ್ಲಾ ಸೇಬಿಗೆ ಅರ್ಜಿ ಬರೀತೀರಾ?"

ಸ್ರೆತೆನ್ ಫೋನ್ ಕಿತ್ತುಕೊಂಡ. "ಕಲ್ಲು ತರ್ತೀನಿ ಮಾವ. ಕಂಬದ ಹಿಂದಿನ ಅಂಗಳ ಖಾಲಿ ಮಾಡಿಸಿ, ಸಾಕು."

ಶನಿವಾರ ಹಾಗೆಯೇ ಆಯಿತು. ಎಲ್ಲರೂ ಸ್ರೆತೆನ್‌ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಮೊದಲ ಹತ್ತು ಕಲ್ಲು ಗಾಳಿಗೆ ಹೋದವು. ಅಕಾರ್ಡಿಯನ್ ನುಡಿಸುವವನು ಒಂದು ಹಾಡು ಮುಗಿಸಿ ಇನ್ನೊಂದು ಶುರು ಮಾಡಿದ. ಪೆರಿಶಾ ಪ್ರತಿ ಕಲ್ಲಿಗೂ ಗಟ್ಟಿಯಾಗಿ ಲೆಕ್ಕ ಕೂಗುತ್ತಿದ್ದ. ಹದಿನೇಳನೆಯದಕ್ಕೆ ಮದುಮಗಳು ನೆವೆನಾ ಕಿಟಕಿಯಿಂದ ತಲೆ ಹಾಕಿ, "ಬೇಗ ಹೊಡಿಯೋ ಮಾರಾಯಾ, ಹೊಸ ಚಪ್ಪಲಿ ಕಾಲು ಕಚ್ತಿದೆ!" ಎಂದು ಕೂಗಿದಳು. ಇಪ್ಪತ್ತಮೂರನೆಯ ಕಲ್ಲಿಗೆ ಸೇಬು ಬಿತ್ತು. ಅವಳೇ ಹೊರಗೆ ಬಂದು ಅದನ್ನು ಎತ್ತಿಕೊಂಡು, ಲಂಗಕ್ಕೆ ಒರೆಸಿ, ಒಂದು ಕಡೆ ಕಚ್ಚಿ ಉಳಿದದ್ದನ್ನು ಅವನಿಗೆ ಕೊಟ್ಟಳು.

ಗುಡ್ಡದಾಚೆಯ ಹೆಂಗಸರು ಸಂಜೆ ಕೊಯ್ಲು ಮುಗಿಸಿ ಊಟಕ್ಕೆ ಬಂದರು. ಒಬ್ಬೊಬ್ಬರೂ ಬಾಗಿಲಲ್ಲಿ ಕೈ ತೊಳೆಯುವಾಗ ತಿಹೊಮಿರ್ ಅವರನ್ನೇ ನೋಡುತ್ತ ನಿಂತಿದ್ದ.

ರೈಫಲು ಈಗಲೂ ನಮ್ಮ ಮನೆಯಲ್ಲಿದೆ. ತಿಂಗಳಿಗೊಮ್ಮೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗುತ್ತದೆ. ಅಲ್ಲಿ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇದೆ. ತಿಹೊಮಿರ್ ಕಿವಿಗೂ ಕಣ್ಣಿಗೂ ರಕ್ಷಣೆ ಹಾಕಿಕೊಂಡು ಕಾಗದಕ್ಕೆ ಹೊಡೆಯುತ್ತಾನೆ, ಮನೆಗೆ ಬಂದು ನಳಿಗೆ ಒರೆಸುತ್ತಾನೆ. ಕೊಪ್ಪರಿಗೆಯನ್ನು ಅವನಿಗೇ ಬಿಟ್ಟುಕೊಟ್ಟಿದ್ದೇನೆ. ಪಾಕಕ್ಕೆ ಬೇರೆಯದು ಬಂದಿದೆ.

ಓದುತ್ತಿರುವ ಅಣ್ಣಂದಿರೇ, ತಮ್ಮಂದಿರೇ, ಮೊದಲ ಸಲ ಹಳೆಯ ಸೈನ್ಯದ ರೈಫಲು ಕೊಳ್ಳಲು ಹೊರಟಿದ್ದೀರಾ? ಅನುಮತಿ ಮೊದಲು, ಅಂಗಡಿ ಆಮೇಲೆ. ಅಂಗಡಿಯಲ್ಲಿ ಮರದ ಹೊಳಪು ನೋಡಿ ಮರುಳಾಗಬೇಡಿ. ನಳಿಗೆಯ ನಂಬರನ್ನೂ ಬೋಲ್ಟಿನ ನಂಬರನ್ನೂ ಒಟ್ಟಿಗೆ ಓದಿ. ತೊಳೆಯುವಾಗ ಒಂದರ ಭಾಗ ಇನ್ನೊಂದರ ಜೊತೆ ಬೆರೆಸಬೇಡಿ, ನಳಿಗೆಯೊಳಗೆ ಬೆಳಕು ಕಾಣುವವರೆಗೆ ಒರೆಸಿ. ಬಲ್ಲವರು ಅಳತೆ ಹಾಕಿ ಸರಿ ಎನ್ನುವವರೆಗೆ ಒಂದು ತೋಟಾವನ್ನೂ ತುಂಬಬೇಡಿ. ಸರಿ ಎಂದ ಮೇಲೂ ಆಕಾಶಕ್ಕೆ ಹೊಡೆಯಬೇಡಿ, ಮದುವೆ ಯಾರದೇ ಆಗಿರಲಿ.

ಅಕ್ಕತಂಗಿಯರೇ, ಅದು ಗಂಡಸರ ವಿಷಯ ಎಂದು ಸುಮ್ಮನಿರಬೇಡಿ. ನಿಮಗೆ ಬಂದೂಕು ಗೊತ್ತಿಲ್ಲದಿರಬಹುದು, ಅಂಕಿ ಓದಲು ಬರುತ್ತದಲ್ಲ. ಬೀರುವಿನ ಬೀಗ ತೆಗೆಸಿ ಇವತ್ತೇ ಓದಿ. ಅದಕ್ಕೆ ಕೆನ್ನೆ ಕೊಟ್ಟು ನಿಲ್ಲುವವರು ನಿಮ್ಮ ಮನೆಯವರೇ.