ಟವರಪ್ಪನ ಜೀಪಿಗೆ ಹೊಸ ದೀಪ

ಗುಡ್ಡದ ಮೇಲಿನ ಮೊಬೈಲ್ ಟವರುಗಳನ್ನು ರಿಪೇರಿ ಮಾಡುವವನಾದ್ದರಿಂದ ಅವನನ್ನು ಎಲ್ಲರೂ ಟವರಪ್ಪ ಎಂದೇ ಕರೆಯುತ್ತಿದ್ದರು. ಅವನ ಹತ್ತಿರ ನಾಲ್ಕು ಚಕ್ರವೂ ಎಳೆಯುವಂಥ ಹಳೆಯ ಜೀಪೊಂದಿತ್ತು. ಗುಡ್ಡ ಹತ್ತುವುದರಲ್ಲಿ ಅದರಷ್ಟು ನಿಯತ್ತಿನ ಗಾಡಿ ಇನ್ನೊಂದಿಲ್ಲ. ದೀಪಗಳು ಮಾತ್ರ ಹೆಸರಿಗೆ ದೀಪಗಳು. ಹಾಕಿದರೆ ಚಕ್ರದ ಮುಂದೆ ಚಾಪೆಯಗಲ ಹಳದಿ ಬೆಳಕು ಬೀಳುತ್ತಿತ್ತು, ಅಷ್ಟೆ. ಅದರಾಚೆ ಏನಿದೆ ಎಂದು ತಿಳಿಯಬೇಕಾದರೆ ಇಳಿದು ಹೋಗಿ ಮುಟ್ಟಿಯೇ ನೋಡಬೇಕಿತ್ತು.

ಟವರಪ್ಪನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಬೆಳಿಗ್ಗೆ ಆಫೀಸಿನಲ್ಲಿ ಸಾಮಾನು ತುಂಬಿಕೊಳ್ಳಬೇಕಾದ್ದರಿಂದ ಡಾಂಬರು ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಕತ್ತಲಾದ ಮೇಲೆ ಮನೆಗೆ ಬರುವಾಗ ಅವನದೇ ಒಂದು ಅಡ್ಡದಾರಿ. ಹಿಂದೆ ಯಾವತ್ತೋ ದಾರಿ ತಪ್ಪಿದಾಗ ಸಿಕ್ಕಿದ್ದು. ಊಟಕ್ಕೆ ಕೂತಾಗೆಲ್ಲ ಹೆಂಡತಿಯ ಮುಂದೆ ಅದರದೇ ಬಡಾಯಿ.

"ಮೊದಲು ಒಂದು ತೊರೆ ಬರುತ್ತೆ. ಸದ್ದೇ ಇಲ್ಲದೆ ಹರಿಯುತ್ತೆ. ದಾಟಿದ್ರೆ ಬಳ್ಳಿಗಳು ಹೆಣೆದುಕೊಂಡಿರೋ ಗವಿಯಂಥ ಜಾಗ. ಒಂದೊಂದು ಸಲ ಬಿಳೀ ಮಂಜು ಬಂದು ಗಾಜಿಗೇ ಹೊಡೆಯುತ್ತೆ ಕಣೇ. ಅಲ್ಲಿ ನಾಲ್ಕೂ ಚಕ್ರ ಎಳೀದಿದ್ರೆ ಮುಗೀತು ಕಥೆ."

"ಹೌದಾ? ಇನ್ನಷ್ಟು ಬಡಿಸ್ಲಾ?" ಎನ್ನುತ್ತಿದ್ದಳು ಹೆಂಡತಿ.

ಒಂದು ಸಂಜೆ ಆ ಗವಿಯ ಬಾಯಲ್ಲಿ ಜೀಪಿಗೆ ಏನೋ ಢಣ್ ಎಂದು ಬಡಿಯಿತು. ಟವರಪ್ಪ ಹಿಂದೆಮುಂದೆ ನೋಡದೆ ಪಕ್ಕಕ್ಕೆ ತಿರುಗಿಸಿ, ಜೀವ ಕೈಯಲ್ಲಿ ಹಿಡಿದುಕೊಂಡು ಮನೆ ಸೇರಿದ.

"ಕಾಡುಹಂದಿ ಇರ್ಬೇಕು" ಎಂದ.

"ಹಂದಿ ಢಣ್ ಅನ್ನುತ್ತೇನ್ರೀ?" ಎಂದಳು ಹೆಂಡತಿ. "ಮೊದಲು ಆ ದೀಪ ಸರಿ ಮಾಡಿಸಿ. ನನ್ನ ತಮ್ಮ ಇರೋದು ಯಾತಕ್ಕೆ?"

ಅವಳ ತಮ್ಮ ಗಾಡಿಗಳ ವೈರಿಂಗ್ ಕೆಲಸದವನು. ಜೀಪಿನ ಮುಂಭಾಗ ಬಿಚ್ಚಿ ನೋಡಿ, ಮೂಗು ಮುರಿದ. "ಭಾವ, ಇದು ದೀಪ ಅಲ್ಲ, ದೀಪದ ಫೋಟೋ. ಕರೆಂಟು ಬ್ಯಾಟರಿಯಿಂದ ಸ್ವಿಚ್ಚಿಗೆ ಬಂದು, ಈ ಕೂದಲಿನಂಥ ವೈರಲ್ಲಿ ದೀಪಕ್ಕೆ ಹೋಗೋ ಹೊತ್ತಿಗೆ ಅರ್ಧ ದಾರೀಲೇ ಸತ್ತಿರುತ್ತೆ."

"ಅದಕ್ಕೇನು ಮಾಡೋದು?"

"ರಿಲೇ ಹಾಕೋದು. ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತೆ, ಭಾರದ ಕೆಲಸ ರಿಲೇ ಮಾಡುತ್ತೆ. ನಮ್ಮಕ್ಕ, ನೀವು ಇಲ್ವಾ? ಹಾಗೆ."

ದಪ್ಪ ವೈರು ಎಳೆದ, ಫ್ಯೂಸು ಕೂರಿಸಿದ, ಹೊಸ ದೀಪಗಳನ್ನು ಹಾಕಿದ. ಜೀಪನ್ನು ಗೋಡೆಯ ಎದುರು ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎದುರಿನವರ ಕಣ್ಣಿಗೆ ಹೊಡೆಯದಂತೆ ಸ್ಕ್ರೂ ತಿರುಗಿಸಿ ಬೆಳಕನ್ನು ತಗ್ಗಿಸಿದ. "ಹೈ ಬೀಮು ಮಾತ್ರ ಖಾಲಿ ರಸ್ತೇಲಿ ಹಾಕಿ ಭಾವ. ಅದು ಸ್ವಲ್ಪ ಜೋರು" ಎಂದು ಒತ್ತಿ ತೋರಿಸಿದ. ಗೋಡೆಯ ಮೇಲೆ ನಿಶ್ಚಿಂತೆಯಿಂದ ಕೂತಿದ್ದ ಹಲ್ಲಿಯೊಂದು ಕೆಲಸಕ್ಕೆ ತಡವಾದವರಂತೆ ಗಡಬಡಿಸಿ ಓಡಿತು.

ಮರುದಿನ ಸಂಜೆ ಟವರಪ್ಪ ಸಂಭ್ರಮದಿಂದ ಅಡ್ಡದಾರಿಗೆ ತಿರುಗಿದ. ತೊರೆ ಬರುವ ಹೊತ್ತಿಗೆ ಎಂದಿನಂತೆ ನಾಲ್ಕು ಚಕ್ರದ ಗೇರು ಹಾಕಿದ. ಎಲ್ಲೋ ಮುಂದೆ ಒಂದು ಸಣ್ಣ ಬೆಳಕು ಇದ್ದದ್ದು ತಟ್ಟನೆ ಆರಿತು. ಖಾಲಿ ರಸ್ತೆ ತಾನೆ ಎಂದು ಹೈ ಬೀಮು ಒತ್ತಿದ.

ಒತ್ತಿದವನು ಅಷ್ಟೇ ಬೇಗ ಬ್ರೇಕನ್ನೂ ಒತ್ತಿದ. ಎದುರಿಗಿದ್ದದ್ದು ಒಂದು ಮನೆಯ ಅಂಗಳ.

ತೊರೆ ಎಂದರೆ ಬಚ್ಚಲ ನೀರು ಹೋಗುವ ಕಾಲುವೆ. ಗವಿ ಎಂದರೆ ಸೋರೆ ಬಳ್ಳಿಯ ಚಪ್ಪರ. ಮಂಜು ಎಂದರೆ ಒಣಹಾಕಿದ ಹೊದಿಕೆ. ಚಪ್ಪರದ ಬುಡದಲ್ಲಿ ಹೊಟ್ಟೆ ನೆಗ್ಗಿದ ನೀರಿನ ಡ್ರಮ್ಮು. ಇವೆಲ್ಲದರ ನಡುವೆ ಒಂದು ಸಂಸಾರಕ್ಕೆ ಸಂಸಾರವೇ ಎದ್ದು ನಿಂತಿತ್ತು. ಒಬ್ಬ ಹೆಂಗಸು ಬಟ್ಟೆಯ ಹಗ್ಗವನ್ನು ಕವೆಗೋಲಿನಿಂದ ಎತ್ತಿ ಹಿಡಿದಿದ್ದಳು. ಇನ್ನೊಬ್ಬಳು ಪಾತ್ರೆಪಗಡೆಗಳನ್ನು ಸೆರಗಿನಲ್ಲಿ ಬಾಚಿಕೊಂಡು ಗೋಡೆಗೆ ಒರಗಿದ್ದಳು. ಇಬ್ಬರು ಗಂಡಸರು ಒಂದು ಮಂಚವನ್ನು ಎರಡು ತುದಿಯಲ್ಲಿ ಹಿಡಿದೆತ್ತಿ ಪಕ್ಕಕ್ಕೆ ಸರಿದು ನಿಂತಿದ್ದರು. ಮಂಚದ ಮೇಲೆ ಅಜ್ಜಿಯೊಬ್ಬಳು ಕಾಲು ಮಡಚಿ, ಊಟದ ತಟ್ಟೆ ಹಿಡಿದು ಕೂತಿದ್ದಳು. ಯಾರ ಮುಖದಲ್ಲೂ ಗಾಬರಿಯಿಲ್ಲ. ಆ ಬೆಳಕಿಗೆ ಮಾತ್ರ ಎಲ್ಲರ ಕಣ್ಣೂ ಕಿರಿದಾಗಿತ್ತು.

"ಯಾವನೋ ಅದು, ಕಣ್ಣು ಕಿತ್ತು ಬರೋ ಹಾಗೆ ಲೈಟು ಬಿಡೋನು?" ಎಂದು ಅಜ್ಜಿ ಗದರಿದಳು.

"ದಿನಾ ಬರೋ ಗಾಡಿ ಕಣಮ್ಮ" ಎಂದ ಮಂಚ ಹಿಡಿದಿದ್ದ ದೊಡ್ಡ ಮಗ.

"ಹೋಗೋ. ದಿನಾ ಬರೋನು ಮರ್ಯಾದಸ್ಥ."

ಟವರಪ್ಪ ದೀಪ ಆರಿಸಿ ಕೆಳಗಿಳಿದ. ಆರಿದ್ದ ಅಂಗಳದ ಬಲ್ಬನ್ನು ಯಾರೋ ಹಾಕಿದರು. "ಇದು… ದಾರಿ ಅಲ್ವಾ?" ಎಂದು ಟವರಪ್ಪ ಕೇಳಿದ.

"ಮನೆ" ಎಂದ ಚಿಕ್ಕ ಮಗ.

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಮೊದಲ ಸಲ ನೀವು ಬಂದಾಗ, ಇಲ್ಲಿ ರಸ್ತೆ ಮಂಜೂರಾಗಿರಬೇಕು ಅಂದ್ಕೊಂಡ್ವಿ" ಎಂದ ದೊಡ್ಡವನು. "ನೋಟೀಸು ಬರುತ್ತೆ ಅಂತ ಕಾದ್ವಿ. ನೋಟೀಸು ಬರಲಿಲ್ಲ, ನೀವು ಮಾತ್ರ ದಿನಾ ಬಂದ್ರಿ. ಎದುರು ಬೆಳಕಿದ್ರೆ ನಿಮಗೆ ತೊಂದರೆ ಆಗುತ್ತೆ ಅಂತ ಗಾಡಿ ಸದ್ದು ಕೇಳಿದ ಕೂಡಲೇ ಬಲ್ಬು ಆರಿಸ್ತಿದ್ವಿ."

ಈ ಕೊನೆಯ ಮಾತಿಗೆ ಟವರಪ್ಪ ಕುಗ್ಗಿಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡ್ರಮ್ಮಿನ ನೆಗ್ಗಿದ ಹೊಟ್ಟೆಯನ್ನು ಕೈಯಿಂದ ಸವರಿ, ತಪ್ಪಾಯಿತು ಎಂದು ಎಲ್ಲರಿಗೂ ಕೈಮುಗಿದು, ಜೀಪನ್ನು ಹಿಮ್ಮುಖವಾಗಿಯೇ ಓಡಿಸಿಕೊಂಡು ಹೊರಬಂದ.

ಅಂದಿನಿಂದ ಸಂಜೆಯೂ ಡಾಂಬರು ರಸ್ತೆಯೇ. ಊಟಕ್ಕೆ ಕೂತರೆ ಬಡಾಯಿಯಿಲ್ಲ. "ಯಾಕ್ರೀ, ಹಂದಿ ಸಿಗ್ಲಿಲ್ವಾ?" ಎಂದು ಹೆಂಡತಿ ಕೆಣಕಿದರೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ರಜೆಯ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ಮಂಚದ ಮೇಲಿನ ಅಜ್ಜಿ.

"ಜೀಪಿನ ಟವರಪ್ಪನ ಮನೆ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ" ಎನ್ನುತ್ತ ಒಳಗೆ ಬಂದು ಕುರ್ಚಿ ಎಳೆದು ಕೂತಳು.

"ಅಜ್ಜಿ, ನೀವು ನಡೀತೀರಾ?" ಎಂದು ಟವರಪ್ಪ ಬೆರಗಾದ.

"ನಿನಗಿಂತ ಚೆನ್ನಾಗಿ ನಡೀತೀನಿ. ಮಕ್ಕಳಿಗೆ ಹೇಳ್ಬೇಡ." ಅವಳ ದನಿ ಸಣ್ಣದಾಯಿತು. "ಯಾಕಪ್ಪಾ ಬರೋದು ಬಿಟ್ಟೆ?"

"ಅಂಗಳದಲ್ಲಿ ಗಾಡಿ ಓಡಿಸೋದೇನಜ್ಜಿ, ನಾಚಿಕೆಗೇಡು."

"ನಿನ್ನ ನಾಚಿಕೆ ಕಟ್ಕೊಂಡು ನನಗೇನಾಗ್ಬೇಕು? ನನ್ನ ಮಕ್ಕಳಿಬ್ಬರೂ ಬಾವಿ ವಿಷಯಕ್ಕೆ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು. ನಿನ್ನ ಗಾಡಿ ಬಂದಾಗ ಮಾತ್ರ 'ಎತ್ತು', 'ನಿನ್ನ ಕಡೆ ತಗ್ಗಾಯ್ತು', 'ಇಳಿಸು'. ಅದಿಷ್ಟೇ ಮಾತು. ಈಗ ಅದಕ್ಕೂ ಕಲ್ಲು ಬಿತ್ತು. ಒಬ್ಬ ಆ ಮೂಲೆ, ಇನ್ನೊಬ್ಬ ಈ ಮೂಲೆ. ಮಧ್ಯೆ ನಾನು ಗೂಟದ ಹಾಗೆ. ನಾಳೆಯಿಂದ ಬಾ. ಆ ಹಾಳು ಲೈಟು ಮಾತ್ರ ಬಿಡ್ಬೇಡ."

ಅಲ್ಲಿಯವರೆಗೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹೆಂಡತಿ, "ಅಂದ್ರೆ ಆ ತೊರೆ…" ಎಂದು ಶುರುಮಾಡಿದವಳು ಮುಂದೆ ಮಾತಾಡಲಾರದೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆಯೇ ಕೂತುಬಿಟ್ಟಳು. ಅಜ್ಜಿ ಅವಳ ನಗು ನಿಲ್ಲುವ ತನಕ ಕಾದು, ನೀರು ಕುಡಿದು, ಸರಸರ ನಡೆದುಕೊಂಡು ಹೊರಟುಹೋದಳು.

ಟವರಪ್ಪ ಮತ್ತೆ ಅಡ್ಡದಾರಿ ಹಿಡಿದ. ಅಂಗಳದ ಹತ್ತಿರ ದೊಡ್ಡ ದೀಪ ಆರಿಸಿ, ಪಾರ್ಕಿಂಗ್ ದೀಪದಲ್ಲಿ ಇರುವೆಯಂತೆ ಹೋಗುತ್ತಿದ್ದ. ಅಣ್ಣತಮ್ಮಂದಿರು ಮಂಚ ಎತ್ತಿದರು. "ತಲೆ ಕಡೆ ಭಾರ ಇರುತ್ತೆ, ದಿನಾ ನಾನೇ ಯಾಕೆ ಹಿಡೀಬೇಕು?" ಎಂದ ಚಿಕ್ಕವನು ಒಂದು ದಿನ. "ನೀನು ಬಾವಿ ಹಗ್ಗ ಕತ್ತರಿಸ್ದೆಯಲ್ಲ, ಅದಕ್ಕೆ" ಎಂದ ದೊಡ್ಡವನು. "ನಾನಾ ಕತ್ತರಿಸಿದ್ದು? ಇಲಿ!" ಅಲ್ಲಿಗೆ ಕಟ್ಟೆ ಒಡೆಯಿತು. ಹಗ್ಗ, ಇಲಿ, ಬಾವಿಕಟ್ಟೆ, ಮದುವೆಯಲ್ಲಿ ಯಾರು ಯಾರನ್ನು ಕರೆಯಲಿಲ್ಲ, ಎಲ್ಲವೂ ಬಂತು. ಮಂಚ ಜೀಪಿಗೆ ಅಡ್ಡವಾಗಿ ಗಾಳಿಯಲ್ಲೇ ನಿಂತಿತ್ತು. ಅಜ್ಜಿ ಮೇಲಿನಿಂದ "ಹೂಂ, ಆಮೇಲೆ?" ಎನ್ನುತ್ತ ಊಟ ಮುಂದುವರಿಸಿದಳು. ಟವರಪ್ಪ ಇಂಜಿನ್ ಆರಿಸಿ ಕೂತ. ಮನೆಯವರು ಅವನಿಗೂ ಒಂದು ತಟ್ಟೆ ತಂದುಕೊಟ್ಟರು.

ದಿನ ಹೋದಂತೆ ಜಗಳ ಹರಟೆಯಾಯಿತು, ಆದರೆ ಚಿಕ್ಕದಾಗಲಿಲ್ಲ. ಡಾಂಬರು ರಸ್ತೆಯಲ್ಲಿ ಸುತ್ತಿ ಬಂದವರು ಮನೆ ಸೇರಿ ನಿದ್ದೆ ಹೋಗುವ ಹೊತ್ತಿಗೆ ಟವರಪ್ಪ ಅಡ್ಡದಾರಿಯಿಂದ ಹೊಟ್ಟೆ ತುಂಬಿಸಿಕೊಂಡು ಬರತೊಡಗಿದ. "ಅದ್ಯಾವ ಅಡ್ಡದಾರೀರೀ ನಿಮ್ಮದು? ನಾಳೆ ನಾನೂ ಬರ್ತೀನಿ" ಎಂದಳು ಹೆಂಡತಿ.

ಬಂದಳು. ಅಜ್ಜಿ ಅವಳನ್ನು ಕೈಹಿಡಿದು ಮಂಚದ ಮೇಲೆ ಹತ್ತಿಸಿಕೊಂಡಳು. ಅಣ್ಣತಮ್ಮಂದಿರು ಏದುಸಿರು ಬಿಡುತ್ತ ಇಬ್ಬರನ್ನೂ ಎತ್ತಿ ಪಕ್ಕಕ್ಕಿಟ್ಟರು. ದಾರಿ ಬಿಡಿಸಿಕೊಂಡ ಟವರಪ್ಪ ಚಪ್ಪರದಾಚೆ ಜೀಪು ನಿಲ್ಲಿಸಿ ಹೆಂಡತಿಗಾಗಿ ಕಾದ. ಅವಳು ಬರುವ ಹಾಗೆ ಕಾಣಲಿಲ್ಲ. ಅಜ್ಜಿಯ ಇಬ್ಬರು ಸೊಸೆಯರೂ ಮಂಚದ ಅಂಚಿಗೆ ಬಂದು ಕೂತಿದ್ದರು. ನಗು ಮಾತ್ರ ಕೇಳುತ್ತಿತ್ತು, ಯಾರನ್ನು ಕುರಿತು ಎಂಬುದು ಅವನಿಗೆ ಗೊತ್ತಿತ್ತು. ಕೊನೆಗೆ ತಡೆಯಲಾರದೆ ಮೆಲ್ಲಗೆ ಹಾರ್ನ್ ಒತ್ತಿದ.

ಅಂಗಳದಿಂದ ದೊಡ್ಡವನು ಎದ್ದು ನಿಂತು ಕೂಗಿದ: "ಏನ್ರೀ ಇದು, ಹಾರ್ನ್ ಹೊಡೀತೀರಾ? ಇದು ಮನೆ ಅಂತ ಗೊತ್ತಾಗಲ್ವೇನ್ರೀ?"