ಐವತ್ತನಾಲ್ಕೂವರೆ ಕಿಲೋ ಸರಾಸರಿ

ಬೆಳಿಗ್ಗೆ ಒಂಬತ್ತು ಗಂಟೆ ಐವತ್ತು ನಿಮಿಷಕ್ಕೆ ನವೀನ್‌ಕುಮಾರ್ ಮಧುಶ್ರೀಯ ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಲು ಎರಡನೇ ಸಲ ನಿರಾಕರಿಸಿದ. ಅಂದು ಡಿಸೆಂಬರ್ ತಿಂಗಳ ಒಂದು ಮಂಗಳವಾರ. ಗುರುವಾರ ಪ್ರಾಯೋಗಿಕ ಪರೀಕ್ಷೆ. ಸಹಿಯಿಲ್ಲದ ರೆಕಾರ್ಡ್ ಹಿಡಿದು ಬಂದವರನ್ನು ಪರೀಕ್ಷೆಗೆ ಕೂರಿಸುವಂತಿಲ್ಲ. ಅದು ತಪ್ಪಿದರೆ ಆ ವಿಷಯಕ್ಕೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಕು.

ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ರಸ್ತೆಯ ಬದಿಯ ಆ ಪಾಲಿಟೆಕ್ನಿಕ್‌ನಲ್ಲಿ ನವೀನ್‌ಕುಮಾರ್ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಕಟ್ಟುನಿಟ್ಟಿನ ಮೇಷ್ಟ್ರು ಎಂಬ ಹೆಸರಿತ್ತು. ಆ ಹೆಸರು ಬಂದದ್ದು ಪಾಠದಿಂದಲ್ಲ, ರೆಕಾರ್ಡ್ ತಿದ್ದುವುದರಿಂದ. ಲ್ಯಾಬಿನಲ್ಲಿ ಮಾಡಿದ ಪ್ರತಿ ಪ್ರೋಗ್ರಾಮನ್ನೂ ಕಂಪ್ಯೂಟರ್ ಕೊಟ್ಟ ಉತ್ತರವನ್ನೂ ವಿದ್ಯಾರ್ಥಿಗಳು ಒಂದು ದಪ್ಪ ಪುಸ್ತಕದಲ್ಲಿ ಕೈಯಾರೆ ಬರೆಯಬೇಕು. ಅದೇ ರೆಕಾರ್ಡ್. ದಿನಾಂಕ ಇಲ್ಲದಿದ್ದರೆ ಅವನು ಒಂದು ಅಂಕ ಕಳೆಯುತ್ತಿದ್ದ. ಅಂಚಿಗೆ ಗೆರೆ ಎಳೆಯದಿದ್ದರೆ ಅರ್ಧ. ಪ್ರೋಗ್ರಾಮಿನ ಒಳಗೆ ಏನು ಬರೆದಿದ್ದಾರೆಂದು ಓದಲು ಆಮೇಲೆ ಸಮಯ ಉಳಿಯುತ್ತಿರಲಿಲ್ಲ. ಹಿಂದಿನ ವರ್ಷದವರ ರೆಕಾರ್ಡ್ ಮುಂದಿನ ವರ್ಷದವರಿಗೆ ಬಿತ್ತನೆ ಭತ್ತದ ಹಾಗೆ ದಾಟುತ್ತದೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುವುದನ್ನು ಅವನು ಅನುಭವ ಎಂದು ಕರೆಯುತ್ತಿದ್ದ.

ಮಧುಶ್ರೀಯ ತಪ್ಪು ನಾಲ್ಕನೇ ಪ್ರೋಗ್ರಾಮಿನ ಉತ್ತರದಲ್ಲಿತ್ತು. ಶನಿವಾರ ಅವನು ಅದಕ್ಕೆ ಕೆಂಪು ಸುತ್ತು ಹಾಕಿ, ‘ತಪ್ಪು. ಮತ್ತೆ ಬರೆಯಿರಿ’ ಎಂದು ಬರೆದಿದ್ದ. ಅವಳು ಮತ್ತೆ ಬರೆದಳು, ಅದೇ ಉತ್ತರವನ್ನು. ಪೋಷಕರನ್ನು ಕರೆಸಬೇಕಾಯಿತು. ಹೀಗಾಗಿ ಮಂಗಳವಾರ ಹನ್ನೊಂದೂವರೆಗೆ ಅವಳ ತಂದೆ ಸಿದ್ದಬಸಪ್ಪ ಬೆಳಗೋಡಿನ ಬಸ್ಸಿಳಿದು ಸ್ಟಾಫ್ ರೂಮಿಗೆ ಬಂದರು.

ಅವರು ಬೆಳಗೋಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಕಾಫಿ ಹಣ್ಣು ಕುಯ್ದು ತಂದವರ ಚೀಲ ತೂಗಿ, ಯಾರದು ಎಷ್ಟು ಎಂದು ಪುಸ್ತಕದಲ್ಲಿ ಬರೆಯುವುದು ಅವರ ಇಪ್ಪತ್ತೆರಡು ವರ್ಷದ ಕೆಲಸ.

“ನಮಸ್ಕಾರ ಸಾ. ನಾಕ್ ಗಂಟೆಗೆ ತೂಕ ಐತೆ, ಅಷ್ಟೊತ್ತಿಗೆ ನಾನು ಸ್ಟೋರ್ ಹತ್ರ ಇರ್ಬೇಕು. ಮಗಳು ಏನ್ ಮಾಡವ್ಳೆ ಹೇಳ್ಬುಡಿ.”

“ಕೂತ್ಕೊಳ್ಳಿ. ಹುಡುಗಿ ಒಳ್ಳೆಯವಳೇ. ಹೇಳಿದ ಮಾತು ಕೇಳಲ್ಲ, ಅಷ್ಟೇ. ಉತ್ತರ ತಿದ್ಕೊಂಡ್ ಬಾ ಅಂದ್ರೆ ತಪ್ಪನ್ನೇ ಇನ್ನೂ ದುಂಡಗೆ ಬರ್ಕೊಂಡ್ ಬಂದಿದ್ದಾಳೆ.”

ಸಿದ್ದಬಸಪ್ಪ ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ತಿರುಗಿದರು. “ಯಾಕವ್ವಾ?”

“ಕಂಪ್ಯೂಟರಲ್ಲಿ ಅದೇ ಬಂತು ಅಪ್ಪಾಜಿ.”

“ಬೇರೆಯವರಿಗೆಲ್ಲ ಬೇರೆ ಬಂದಿದೆ,” ಎಂದ ನವೀನ್‌ಕುಮಾರ್, ಮೇಜಿನ ಮೇಲಿದ್ದ ರಾಶಿಯ ಮೇಲೆ ಕೈಯಿಟ್ಟು. “ಇಲ್ಲಿ ನಲವತ್ತು ರೆಕಾರ್ಡ್ ಇವೆ. ನಲವತ್ತು ಜನಾನೂ ಸೇರಿ ತಪ್ಪು ಮಾಡ್ತಾರಾ?”

“ಎಲ್ಲಿ, ಕೊಡಿ ಸಾ ನೋಡವ.”

ಸಿದ್ದಬಸಪ್ಪ ಕನ್ನಡಕ ಹಾಕಿಕೊಂಡು, ರಾಶಿಯ ಮೇಲಿನದನ್ನೂ ಮಗಳದನ್ನೂ ಪಕ್ಕಪಕ್ಕ ಇಟ್ಟುಕೊಂಡರು. ಎರಡರಲ್ಲೂ ಲೆಕ್ಕ ಒಂದೇ. ಐದು ಜನ ಹೆಂಗಸರು ಒಂದು ದಿನ ಕುಯ್ದ ಹಣ್ಣಿನ ತೂಕ, ಕಿಲೋಗಳಲ್ಲಿ: 42, 38, 51, 47, 40. ಸರಾಸರಿ ಕಂಡುಹಿಡಿಯಬೇಕು. ಮಗಳ ರೆಕಾರ್ಡಿನಲ್ಲಿ ಕೆಂಪು ಸುತ್ತಿನೊಳಗೆ 43.6 ಎಂದಿತ್ತು. ಇನ್ನೊಂದರಲ್ಲಿ 54.5.

“ಸರಾಸರಿ ಅಂದ್ರೆ ಎಲ್ಲಾ ಒಟ್ಟುಮಾಡಿ ಸಮಪಾಲು ಹಾಕೋದು ತಾನೆ ಸಾ?”

“ಹೌದು.”

“ಹಂಗಾದ್ರೆ ಈ ಐದ್ ಜನದಲ್ಲಿ ಐವತ್ನಾಕೂವರೆ ಕುಯ್ದಿರೋ ಹೆಂಗ್ಸು ಯಾರು ತೋರ್ಸಿ.”

ನವೀನ್‌ಕುಮಾರ್ ನೋಡಿದ. ಯಾರೂ ಇರಲಿಲ್ಲ.

“ಎಲ್ಲಾರ್ಗಿಂತ ಜಾಸ್ತಿ ಕುಯ್ದಿರೋಳೇ ಐವತ್ತೊಂದು. ಸರಾಸರಿ ಅವಳ ತಲೆ ಮೇಲೆ ಹೋಗ್ಬುಟ್ಟೈತೆ. ನಾನು ಪುಸ್ತಕದಲ್ಲಿ ಹಿಂಗ್ ಬರದ್ರೆ, ಲೈನ್ ಮನೆ ಕೂಲಿಯೋರು ನನ್ನನ್ನೇ ತಕ್ಕಡೀಲಿ ಕೂರ್ಸಿ ತೂಗ್ತಾರೆ.”

ಕೂಡುವುದು, ಭಾಗಿಸುವುದು ನವೀನ್‌ಕುಮಾರನಿಗೆ ಬರುತ್ತಿತ್ತು. ಅದರ ಮೇಲೆ ಎಂಟೆಕ್ ಕೂಡ ಆಗಿತ್ತು. ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಕೂಡಿದ. ಒಟ್ಟು 218. ಐದರಿಂದ ಭಾಗಿಸಿದರೆ 43.6. ನಾಲ್ಕರಿಂದ ಭಾಗಿಸಿದರೆ ಮಾತ್ರ 54.5. ಆ ನಾಲ್ಕು ಎಲ್ಲಿಂದ ಬಂತೆಂದು ಅವನಿಗೆ ತಕ್ಷಣ ಹೊಳೆಯಿತು. ಹೊಳೆದದ್ದನ್ನು ಹೇಳಿಯೂ ಬಿಟ್ಟ, ಅದರಿಂದ ತನ್ನ ಮಾನ ಉಳಿಯುತ್ತದೆಂಬ ಭ್ರಮೆಯಲ್ಲಿ.

“ಏನಿಲ್ಲ, ಕಂಪ್ಯೂಟರಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತೆ. ಸೊನ್ನೆ, ಒಂದು, ಎರಡು, ಮೂರು, ನಾಲ್ಕು. ಕೊನೆಯವಳ ನಂಬರ್ ನಾಲ್ಕು. ಯಾರೋ ಆ ನಾಲ್ಕರಿಂದ ಭಾಗಿಸ್ಬಿಟ್ಟಿದ್ದಾರೆ.”

“ಎಲ್ಲಿಂದಾದ್ರೂ ಎಣಿಸ್ಕಳಿ ಸಾ,” ಎಂದರು ಸಿದ್ದಬಸಪ್ಪ. “ಹೆಂಗಸ್ರು ಐದ್ ಜನ ತಾನೆ?”

ಅಪ್ಪ ಮಗಳಿಬ್ಬರನ್ನೂ ಕ್ಯಾಂಟೀನಿನಲ್ಲಿ ಕೂರಲು ಹೇಳಿ, ನವೀನ್‌ಕುಮಾರ್ ಆ ‘ಯಾರೋ’ನನ್ನು ಹುಡುಕಲು ಹೊರಟ. ಹಿಂದಿನ ಬೆಂಚಿನ ಯಾವನಾದರೂ ಸಿಕ್ಕಿಬೀಳಲಿ ಎಂಬುದು ಅವನ ಆಸೆ. ಮೊದಲು ಕರೆಸಿದ್ದು ತರಗತಿಗೇ ಮೊದಲಿಗಳಾದ ಮಾನಸಾಳನ್ನು.

“ನಿನಗೆ ಕಂಪ್ಯೂಟರಲ್ಲಿ ಎಷ್ಟು ಬಂತು?”

“ನಲವತ್ಮೂರು ಪಾಯಿಂಟ್ ಆರು ಸಾರ್.”

“ಬರೆದಿದ್ದು?”

“ಐವತ್ನಾಲ್ಕು ಪಾಯಿಂಟ್ ಐದು. ಸೀನಿಯರ್ ರೆಕಾರ್ಡಲ್ಲಿ ಹಂಗೇ ಇತ್ತು ಸಾರ್.”

“ಕಂಪ್ಯೂಟರ್ ಒಂದು ಹೇಳುತ್ತೆ, ರೆಕಾರ್ಡ್ ಇನ್ನೊಂದು ಹೇಳುತ್ತೆ. ಕಂಪ್ಯೂಟರನ್ನ ನಂಬಬೇಕು ಅನ್ನಿಸಲಿಲ್ವಾ?”

ಮಾನಸಾ ಸ್ವಲ್ಪ ಯೋಚಿಸಿದಳು. “ರೆಕಾರ್ಡಲ್ಲಿ ನಿಮ್ಮ ಸಹಿ ಇತ್ತು ಸಾರ್. ಕಂಪ್ಯೂಟರಲ್ಲಿ ಇರ್ಲಿಲ್ಲ. ಕಂಪ್ಯೂಟರ್ ಕೆಟ್ಟೋಗೈತೆ ಅಂತ ಅಭಿಲಾಷ್ ಸಾರ್‌ಗೆ ಹೇಳ್ದೆ. ರೀಸ್ಟಾರ್ಟ್ ಮಾಡ್ಕೊಟ್ರು.”

ಅಭಿಲಾಷ್ ಲ್ಯಾಬ್ ನೋಡಿಕೊಳ್ಳುವವನು. ಇದೇ ಕಾಲೇಜಿನಲ್ಲಿ ನವೀನ್‌ಕುಮಾರನ ಮೊದಲ ತಂಡದ ವಿದ್ಯಾರ್ಥಿಯಾಗಿದ್ದು, ನಾಲ್ಕು ವರ್ಷದ ಹಿಂದೆ ಇಲ್ಲಿಗೇ ಕೆಲಸಕ್ಕೆ ಬಂದಿದ್ದ. ವಿಷಯ ಕೇಳಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

“ವರ್ಷಾ ವರ್ಷ ಆ ಪ್ರೋಗ್ರಾಂ ದಿನ ಹತ್ತು ಜನ ಬಂದು ಕೆಟ್ಟೋಗೈತೆ ಅಂತಾರೆ ಸಾರ್. ರೀಸ್ಟಾರ್ಟ್ ಮಾಡಿದ್ರೆ ಸುಮ್ಮನಾಗ್ತಾರೆ.”

“ಇದು ಎಲ್ಲಿಂದ ಶುರುವಾಯ್ತು ಮಾರಾಯ?”

ಅಭಿಲಾಷ್ ಗಾಜಿನ ಬೀರು ತೆಗೆದು, ‘ಮಾದರಿ ರೆಕಾರ್ಡ್’ ಎಂದು ಚೀಟಿ ಅಂಟಿಸಿದ್ದ ಪುಸ್ತಕ ಹೊರಗೆಳೆದ. ಅದು ಅವನದೇ. ನಾಲ್ಕನೇ ಪ್ರೋಗ್ರಾಂ, 2012ರ ಸೆಪ್ಟೆಂಬರ್ 11. ಉತ್ತರ 54.5. ಕೆಳಗೆ ಹಸಿರು ಶಾಯಿಯಲ್ಲಿ ನವೀನ್‌ಕುಮಾರನ ಸಹಿ, ಪಕ್ಕದಲ್ಲಿ ‘ಅತ್ಯುತ್ತಮ’.

“ಅವತ್ತು ಕರೆಂಟ್ ಇರ್ಲಿಲ್ಲ ಸಾರ್. ಔಟ್‌ಪುಟ್ ಹಿಂಗ್ ಬರುತ್ತೆ ಅಂತ ನೀವೇ ಬಾಯಲ್ಲೇ ಲೆಕ್ಕ ಹಾಕಿ ಬೋರ್ಡ್ ಮೇಲೆ ಬರೆದ್ರಿ. ನಮ್ಮ ಕಡೆ ಮಕ್ಕಳಿಗೆ ಅರ್ಥ ಆಗ್ಲಿ ಅಂತ ಕಾಫಿ ಲೆಕ್ಕ ಹಾಕಿದ್ದೂ ನೀವೇ.”

ನವೀನ್‌ಕುಮಾರನಿಗೆ ಆ ದಿನ ನೆನಪಿತ್ತು. ಸ್ಥಳೀಯ ಉದಾಹರಣೆಯ ಮೂಲಕ ಬೋಧಿಸಿದ್ದೇನೆ ಎಂದು ಅಂದು ಮನೆಗೆ ಹೋಗಿ ಹೆಂಡತಿ ಶಾಲಿನಿಯ ಮುಂದೆ ಹೇಳಿಕೊಂಡಿದ್ದ. ಆಮೇಲೆ ಪಠ್ಯಕ್ರಮ ಎರಡು ಸಲ ಬದಲಾಗಿತ್ತು. ಪ್ರೋಗ್ರಾಂ ಬರೆಯುವ ಭಾಷೆಯೇ ಬದಲಾಗಿತ್ತು. 54.5 ಬದಲಾಗಿರಲಿಲ್ಲ. ಒಟ್ಟು ಸುಮಾರು ನಾನೂರ ಮೂವತ್ತು ಜನ ಅದನ್ನು ಬರೆದು, ಅವನಿಂದ ಸಹಿ ಪಡೆದು, ಪಾಸಾಗಿ ಹೋಗಿದ್ದರು.

“ನಿನಗೆ ಆಗ ಅನುಮಾನ ಬರಲಿಲ್ವಾ?”

“ಬಂತು ಸಾರ್. ನೀವು ಹೊಸಬ್ರು, ಕೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಾದೆ.”

“ನಾನು ಹಳಬನಾದ ಮೇಲೆ ಕೇಳಬಹುದಿತ್ತಲ್ಲ.”

“ಹಳಬರಾದ ಮೇಲೆ ಹೆದರಿಕೆ ಆಯ್ತು.”

ಸಹಿ ಹಾಕಿ ಮುಗಿಸಬಹುದಾದ ವಿಷಯ ಅದಾಗಿರಲಿಲ್ಲ. ಅಂದು ಮಧ್ಯಾಹ್ನ ಎರಡು ಗಂಟೆಗೆ ಹೊರಗಿನಿಂದ ಇಬ್ಬರು ತಜ್ಞರ ತಪಾಸಣಾ ಸಮಿತಿ ಬರುವುದಿತ್ತು. ಅವರು ರೆಕಾರ್ಡ್‌ಗಳನ್ನು ನೋಡುತ್ತಾರೆ. ಜೊತೆಗೆ ನವೀನ್‌ಕುಮಾರನ ಮಾದರಿ ತರಗತಿಯನ್ನೂ ನೋಡುತ್ತಾರೆ. ಅಕ್ಟೋಬರಿನಲ್ಲಿ ಅವನು ಹಾಸನಕ್ಕೆ ಹೋಗಿ ಹೊಸ ಬೋಧನಾ ವಿಧಾನಗಳ ಬಗ್ಗೆ ಐದು ದಿನ ತರಬೇತಿ ಪಡೆದು, ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದ್ದ. ಮಾದರಿ ತರಗತಿಗೆ ಮೂವತ್ತೆರಡು ಸ್ಲೈಡ್ ಸಿದ್ಧವಾಗಿದ್ದವು. ಮೊದಲ ಸ್ಲೈಡಿನ ಶೀರ್ಷಿಕೆ: ‘ಪ್ರಶ್ನಿಸುವ ವಿದ್ಯಾರ್ಥಿ’.

“ಮಧುಶ್ರೀದು ಆ ಪುಟ ಕಿತ್ತು ಬೇರೆ ಬರ್ಸಿಬುಡಿ ಸಾರ್,” ಎಂದ ಅಭಿಲಾಷ್. “ಐವತ್ನಾಲ್ಕೂವರೆ ಅಂತ್ಲೇ ಬರೀಲಿ. ನಲವತ್ತೊಂದೂ ಒಂದೇ ಥರ ಕಾಣ್ತವೆ. ಅವಳಿಗೂ ಪರೀಕ್ಷೆ ಸಿಗುತ್ತೆ, ಸಮಿತೀನೂ ಹೋಗುತ್ತೆ.”

ನವೀನ್‌ಕುಮಾರ್ ಆ ಸಲಹೆಯನ್ನು ತಳ್ಳಿಹಾಕಲಿಲ್ಲ. ಹನ್ನೊಂದು ನಿಮಿಷ ಯೋಚಿಸಿದ. ಸಂಜೆಯೊಳಗೆ ಎಲ್ಲರಿಗೂ ಸರಿಪಡಿಸಲು ಹೇಳಬಹುದು, ಸಮಿತಿ ಹೋದ ಮೇಲೆ. ಅಥವಾ ಪರೀಕ್ಷೆ ಆದ ಮೇಲೆ. ಅಥವಾ ಮುಂದಿನ ವರ್ಷದಿಂದ. ಹೀಗೆ ದಿನಾಂಕ ಮುಂದೆ ಹೋದಷ್ಟೂ ಮನಸ್ಸು ಹಗುರಾಗುತ್ತಿತ್ತು. ಆದರೆ ಆ ಪುಟ ಬರೆಸಬೇಕಾದರೆ ಕ್ಯಾಂಟೀನಿಗೆ ಹೋಗಿ, ಸಿದ್ದಬಸಪ್ಪನವರ ಎದುರಿಗೇ ಮಗಳಿಗೆ ಹೇಳಬೇಕಿತ್ತು. ಐದು ಜನ ಹೆಂಗಸರನ್ನು ನಾಲ್ಕು ಎಂದು ಒಪ್ಪಿಸುವ ಧೈರ್ಯ ಅವನಿಗೆ ಬರಲಿಲ್ಲ. ಪ್ರಾಮಾಣಿಕತೆ ಎಂದು ಅವನು ಆಮೇಲೆ ಕರೆದದ್ದು ಇದನ್ನೇ.

ಕ್ಯಾಂಟೀನಿನಲ್ಲಿ ಅಪ್ಪ ಮಗಳು ಚಿತ್ರಾನ್ನ ತಿನ್ನುತ್ತಿದ್ದರು. ನವೀನ್‌ಕುಮಾರ್ ರೆಕಾರ್ಡ್ ಬಿಡಿಸಿ, ತನ್ನದೇ ಕೆಂಪು ಅಕ್ಷರದ ಕೆಳಗೆ, ‘ಉತ್ತರ ಸರಿ ಇದೆ. ತಿದ್ದಿದ್ದು ತಪ್ಪು’ ಎಂದು ಬರೆದು ಸಹಿ ಹಾಕಿದ. ಮೊದಲ ಪುಟದ ದೃಢೀಕರಣಕ್ಕೂ ಹಾಕಿದ.

“ನೀನು ಯಾಕೆ ಎಲ್ಲರ ಥರ ಬರೀಲಿಲ್ಲ?” ಎಂದು ಕೇಳಿದ.

“ಅಪ್ಪಾಜಿ ಪುಸ್ತಕ ನಾನೇ ಕೂಡೋದು ಸಾರ್, ರಜಾ ದಿನ,” ಎಂದಳು ಮಧುಶ್ರೀ. “ಐವತ್ನಾಕು ಬರೆಯಕ್ಕೆ ಕೈ ಬರ್ಲಿಲ್ಲ.”

“ಒಳ್ಳೇದಾಯ್ತು ಸಾ,” ಎಂದು ಸಿದ್ದಬಸಪ್ಪ ಎದ್ದರು. “ಒಂದೂಕಾಲ್ಗೆ ಬಸ್ ಐತೆ. ತಪ್ಪು ಯಾರ್ ಮಾಡಲ್ಲ ಹೇಳಿ. ನಾವಾದ್ರೆ ಅವತ್ತಿನ್ ಸಂಜೆನೇ ಬೈಸ್ಕಂಡು ಸರಿ ಮಾಡ್ಕತೀವಿ. ನಿಮಗೆ ಬೈಯೋರು ಯಾರೂ ಇಲ್ಲ, ಅದೇ ಕಷ್ಟ.”

ಎರಡು ಗಂಟೆಗೆ ಸಮಿತಿಯ ಇಬ್ಬರು ಹಿಂದಿನ ಬೆಂಚಿನಲ್ಲಿ ಕೂತರು. ನವೀನ್‌ಕುಮಾರ್ ಸ್ಲೈಡ್‌ಗಳನ್ನು ತೆರೆಯಲಿಲ್ಲ. ಬೋರ್ಡಿನ ಮೇಲೆ ಐದು ತೂಕಗಳನ್ನೂ, ಅದರ ಕೆಳಗೆ 54.5 ಎಂಬುದನ್ನೂ ಬರೆದ. “ಇದನ್ನ ಹನ್ನೊಂದು ವರ್ಷದ ಹಿಂದೆ ನಾನು ಬರೆದೆ. ಇದರಲ್ಲಿ ತಪ್ಪೇನಿದೆ? ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಿ, ಆಮೇಲೆ ಹೇಳಿ,” ಎಂದ. ತರಬೇತಿಯಲ್ಲಿ ಕಲಿತ ವಿಧಾನ ಅದು. ಹಿಂದೆ ಎರಡು ಸಲ ಪ್ರಯೋಗಿಸಿದಾಗ ವಿದ್ಯಾರ್ಥಿಗಳು ಆ ಎರಡು ನಿಮಿಷ ಚೆನ್ನಾಗಿಯೇ ಮಾತಾಡಿದ್ದರು, ಬೇರೆ ವಿಷಯಗಳನ್ನು.

ಮೊದಲು ಕೈಯೆತ್ತಿದವನು ಎದ್ದು ನಿಂತ. “ದಿನಾಂಕ ಹಾಕಿಲ್ಲ ಸಾರ್.”

ಎರಡನೆಯವನು, “ಅಂಚಿಗೆ ಗೆರೆ ಎಳೆದಿಲ್ಲ ಸಾರ್,” ಎಂದ.

ಹನ್ನೊಂದು ವರ್ಷದಲ್ಲಿ ತಾನು ಏನು ಕಲಿಸಿದ್ದೇನೆಂಬುದು ನವೀನ್‌ಕುಮಾರನಿಗೆ ಇಷ್ಟು ಸ್ಪಷ್ಟವಾಗಿ ಯಾವ ಪರೀಕ್ಷೆಯಲ್ಲೂ ತಿಳಿದಿರಲಿಲ್ಲ. ಮೂರನೆಯ ಕೈ ಬರಲು ಸ್ವಲ್ಪ ಹೊತ್ತಾಯಿತು. ಮಧುಶ್ರೀ ಎದ್ದು, “ಜಾಸ್ತಿ ಕುಯ್ದವರೇ ಐವತ್ತೊಂದು ಸಾರ್. ಸರಾಸರಿ ಅದಕ್ಕಿಂತ ಮೇಲೆ ಹೋಗಕ್ಕಾಗಲ್ಲ,” ಎಂದಳು. ತರಗತಿಯಲ್ಲಿ ಯಾರೋ ಮೆಲ್ಲಗೆ, “ಹೌದಲ್ವೇನೋ,” ಎಂದರು. ಮಾನಸಾ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದಳು.

ಸಮಿತಿಯ ಹಿರಿಯರು ತರಗತಿ ಮುಗಿದ ಮೇಲೆ ನವೀನ್‌ಕುಮಾರನ ಕೈ ಕುಲುಕಿದರು. ಬೇಕೆಂದೇ ತಪ್ಪು ಬರೆದು ಮಕ್ಕಳಿಂದ ಕಂಡುಹಿಡಿಸುವ ವಿಧಾನ ಬಹಳ ಚೆನ್ನಾಗಿದೆ ಎಂದರು. ಬೇಕೆಂದು ಬರೆದದ್ದಲ್ಲ, ನಿಜವಾಗಿಯೂ ತಪ್ಪಿದ್ದು ಎಂದು ಅವನು ಎರಡು ಸಲ ಹೇಳಿದ. ಅವರು ಅದನ್ನು ವಿನಯ ಎಂದುಕೊಂಡು, ತಮ್ಮ ವರದಿಯಲ್ಲೂ ಆ ವಿಧಾನವನ್ನು ಹೊಗಳಿದರು. ವರದಿಯಲ್ಲಿ ಇನ್ನೊಂದು ವಾಕ್ಯವೂ ಇತ್ತು: ‘ಪರಿಶೀಲಿಸಿದ ರೆಕಾರ್ಡ್‌ಗಳಲ್ಲಿ ಏಕರೂಪತೆ ಕಂಡುಬಂದಿದ್ದು, ಶ್ಲಾಘನೀಯ.’ ಪ್ರಿನ್ಸಿಪಾಲರು ಆ ಸಾಲಿನ ಕೆಳಗೆ ಗೆರೆ ಎಳೆದು ಸೂಚನಾ ಫಲಕಕ್ಕೆ ಹಾಕಿಸಿದರು.

ಅಂದು ಸಂಜೆ ನವೀನ್‌ಕುಮಾರ್ ಮಾದರಿ ರೆಕಾರ್ಡ್ ತೆಗೆಸಿ, 54.5ರ ಮೇಲೆ ಒಂದು ಗೆರೆ ಹೊಡೆದು, ಪಕ್ಕದಲ್ಲಿ 43.6 ಎಂದು ಬರೆದು, ಚಿಕ್ಕದಾಗಿ ಸಹಿ ಹಾಕಿ, ದಿನಾಂಕವನ್ನೂ ಹಾಕಿ ಬೀರುವಿನಲ್ಲಿಟ್ಟ. ಗುರುವಾರ ಮಧುಶ್ರೀ ಪರೀಕ್ಷೆ ಬರೆದಳು. ಪಾಸಾದಳು. ಅವಳ ರೆಕಾರ್ಡನ್ನು ಕಿರಿಯರು ಯಾರೂ ಕೇಳಿ ಪಡೆಯಲಿಲ್ಲ. ಅದರಲ್ಲಿ ಕೆಂಪು ಗುರುತು ಇತ್ತು.

ಮುಂದಿನ ಡಿಸೆಂಬರಿನಲ್ಲಿ ಮೂವತ್ತೊಂಬತ್ತು ರೆಕಾರ್ಡ್‌ಗಳು ಸಹಿಗೆ ಬಂದವು. ಮೂವತ್ತಾರರಲ್ಲಿ ನಾಲ್ಕನೇ ಪ್ರೋಗ್ರಾಮಿನ ಉತ್ತರ 54.5 ಎಂದಿತ್ತು. ಅದರ ಮೇಲೆ ಸ್ಕೇಲಿಟ್ಟು ಒಂದು ಗೆರೆ ಹೊಡೆದು, ಪಕ್ಕದಲ್ಲಿ 43.6 ಎಂದು ಬರೆದಿತ್ತು.