ಕಿಟಕಿಯಲ್ಲಿದ್ದ ಚುಕ್ಕಿ

ಮಗಳು ಬರೆದ ಬಸ್ಸಿನ ಚಿತ್ರ ಅವಳ ಶಾಲೆ ಬಿಡುವುದರೊಳಗೆ ತನ್ನ ಬಸ್ಸಿನ ಮೇಲಿರಬೇಕೆಂದು ಡ್ರೈವರ್, ಸ್ಟಿಕ್ಕರ್ ಮಾಡುವ ಅಕ್ಕನ ಅಂಗಡಿಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಅಡ್ಡಾಡುತ್ತಿದ್ದ.

“ಅಕ್ಕಾ, ಆಯ್ತಾ?”

“ಕೂತ್ಕೊಳ್ಳಪ್ಪ. ‘ಅವಸರವೇ ಅಪಘಾತಕ್ಕೆ ಕಾರಣ’ ಅಂತ ನಿನ್ನ ಬೆನ್ನಿಗೇ ಅಂಟಿಸ್ತೀನಿ ನೋಡು!”

ಅವನು ಮೊಬೈಲಿನಲ್ಲಿ ತೆಗೆದು ತಂದಿದ್ದ ಚಿತ್ರದ ಫೋಟೋವನ್ನು ಕಂಪ್ಯೂಟರಿಗೆ ಹಾಕಿದರೆ, ಒಂದು ಕೆಂಪೇ ಮೂವತ್ತು ಬಗೆಯ ಕೆಂಪಾಗಿ ಒಡೆದಿತ್ತು. ಅಕ್ಕ ಚಡಪಡಿಸುತ್ತಲೇ ಎಲ್ಲವನ್ನೂ ನಾಲ್ಕು ಬಣ್ಣಕ್ಕೆ ಇಳಿಸಿ, ಯಂತ್ರ ಕತ್ತರಿಸಬೇಕಾದ ಅಂಚುಗಳನ್ನು ಗೆರೆಯಾಗಿಸಿ, ಸಣ್ಣ ಚುಕ್ಕಿಗಳನ್ನು ಧೂಳೆಂದು ಅಳಿಸಿ, ಸ್ಟಿಕ್ಕರ್ ಹಾಳೆಯನ್ನು ಅದರಲ್ಲಿ ಕತ್ತರಿಸಿ ಬಸ್ಸಿಗೆ ಅಂಟಿಸಿದಳು.

ಡ್ರೈವರ್ ಮಂಕಾದ. “ಮುಂದಿನ ಕಿಟಕೀಲಿ ಕಪ್ಪು ಚುಕ್ಕಿ ಇತ್ತಲ್ಲಕ್ಕಾ?”

“ಕಸ ಅಂದ್ಕೊಂಡೆ ಕಣಪ್ಪ.”

“ಅದು ನಾನು.”

ಅಕ್ಕ ದೇವರನ್ನು ನೆನೆದು, ಕಪ್ಪು ಸ್ಟಿಕ್ಕರಿನ ಚೂರೊಂದನ್ನು ಕತ್ತರಿಯಲ್ಲೇ ಕತ್ತರಿಸಿ ಚಿತ್ರದ ಕಿಟಕಿಯಲ್ಲಿ ಒತ್ತಿದಳು. ಚುಕ್ಕಿ ಸೊಟ್ಟಗಾಯಿತು.

“ನಾನೇನು ದುಂಡಗಿದೀನಾ?” ಎನ್ನುತ್ತ ಡ್ರೈವರ್ ಬಸ್ಸು ಹತ್ತಿ ಶಾಲೆಯತ್ತ ತಿರುಗಿಸಿದ.